ಒಣಕಲನ ಗೂಡು

ಮಾರ್ಚ್ 2, ಭಾನುವಾರ

ಆಯಿಲ್ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ಇಷ್ಟು ದಿನ ಊಟದ ಮೇಜಿನ ಕುಂಟುಕಾಲಿನ ಕೆಳಗಿತ್ತು. ಇವತ್ತು ಎಳೆದು ತೆಗೆದೆ. ಮೇಜು ಕುಂಟಿತು, ನಮ್ಮವಳ ಲೋಟ ಉರುಳಿತು, ನನಗೆ ಬೈಗುಳ ಬಿತ್ತು.

“ಏಳನೇ ಕ್ಲಾಸಲ್ಲೇ ಪುಸ್ತಕ ಕಂಡ್ರೆ ಓಡಿದೋರು, ಈಗೇನ್ರೀ ಬರೆಯೋ ಹುಚ್ಚು?”

“ನಿನ್ನ ಮೇಲೆ ಕಾದಂಬರಿ ಬರೀತಿದೀನಿ ಕಣೇ. ಮೊದಲ್ನೇ ಅಧ್ಯಾಯದಲ್ಲೇ ಗಂಡ ಮನೆ ಬಿಟ್ಟು ಓಡಿಹೋಗ್ತಾನೆ.”

“ಮುಗೀತಲ್ಲ, ಇನ್ನೊಂದು ಅಧ್ಯಾಯ ಯಾಕೆ? ಎಲ್ರೂ ಸುಖವಾಗಿರ್ತಾರೆ” ಅಂದಳು. ಮಾತಿನಲ್ಲಿ ಅವಳನ್ನು ಗೆದ್ದ ದಿನ ಇನ್ನೂ ಬರಬೇಕು.

ನಿಜಕ್ಕೂ ಬರೆಯಬೇಕಿರುವುದು ನನ್ನ ಟೂಲ್ ಪೆಟ್ಟಿಗೆಯ ಅಳತೆ. ಗ್ಯಾರೇಜಿನಲ್ಲಿ ಪ್ರತಿಯೊಬ್ಬ ಮೆಕ್ಯಾನಿಕ್ಕಿಗೂ ಚಕ್ರದ ಮೇಲೆ ಉರುಳುವ ಒಂದೊಂದು ಪೆಟ್ಟಿಗೆ ಇದೆ. ಟ್ರಾಲಿ ಅನ್ನುತ್ತೇವೆ. ನನ್ನದು ಎಲ್ಲಕ್ಕಿಂತ ಹಳೆಯದು. ಡ್ರಾಯರ್ ಎಳೆದರೆ ಪೆಟ್ಟಿಗೆಯೇ ಜೊತೆಗೆ ಬರುತ್ತದೆ. ಚಕ್ರ ಕಿರುಚುವುದು ಕೇಳಿದರೆ ಬೀದಿನಾಯಿಗಳು ಎದ್ದು ನಿಲ್ಲುತ್ತವೆ. ಹೊಸದು ಕೇಳಿದರೆ ಮಾಲೀಕರು ಬೇರೆ ಗ್ಯಾರೇಜಿನ ವಿಳಾಸ ಕೊಡುತ್ತಾರೆ. ಅದಕ್ಕೆ ನಾನೇ ರಿಪೇರಿ ಮಾಡಿಕೊಳ್ಳುವುದು ಅಂತ ತೀರ್ಮಾನ. ಹೊಸ ಚಕ್ರ, ಡ್ರಾಯರಿಗೆ ರಬ್ಬರ್ ಹಾಸು, ಬದಿಗೆ ಮ್ಯಾಗ್ನೆಟ್ ಪಟ್ಟಿ. ಆಮೇಲೆ ಒಂದೊಂದು ಸಾಮಾನಿಗೂ ಅದರದೇ ಆಕಾರದ ಗೂಡು.

ಭಾಮೈದ ಕೇಳಿ ನಕ್ಕ. ಅವನು ನಮ್ಮವಳ ಒಬ್ಬನೇ ತಮ್ಮ. ಗ್ಯಾರೇಜಿನಲ್ಲಿ ನನ್ನ ಪಕ್ಕದ ಜಾಗ ಅವನದು. ಕೆಲಸ ಕಲಿಸಿದ್ದು ನಾನು, ಹಾಳು ಮಾಡಿದ್ದೂ ನಾನೇ ಅಂತ ನಮ್ಮವಳು ಹೇಳುತ್ತಾಳೆ. “ಭಾವ, ಪೆಟ್ಟಿಗೆಗೆ ಇಷ್ಟು ಅಲಂಕಾರ ಮಾಡಿದ್ರೆ ಯಾರಾದ್ರೂ ಹೆಣ್ಣು ನೋಡೋಕೆ ಬಂದಾರು” ಅಂದ.

ಮಾರ್ಚ್ 4, ಮಂಗಳವಾರ

ಗುಜರಿ ಅಂಗಡಿಯಿಂದ ನಾಲ್ಕು ಚಕ್ರ ತಂದು ಹಾಕಿದೆವು. ಆಸ್ಪತ್ರೆಯ ಮಂಚದ್ದಂತೆ, ರಬ್ಬರಿನವು, ಸದ್ದೇ ಇಲ್ಲ. ಹಿಡಿಯ ಕಡೆ ತಿರುಗುವ ಎರಡು, ಇನ್ನೊಂದು ಕಡೆ ತಿರುಗದ ಎರಡು ಹಾಕಬೇಕು. ಗುಜರಿಯವನ ಹತ್ತಿರ ಇದ್ದದ್ದು ನಾಲ್ಕೂ ತಿರುಗುವವೇ. ನಡೆಯುತ್ತದೆ ಬಿಡು ಅಂದೆ. ನಡೆಯಿತು. ನಾನು ಬೇಡ ಅಂದರೂ ನಡೆಯಿತು. ನೆಲ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು. ಕೈ ಬಿಟ್ಟದ್ದೇ ತಡ, ಕಟ್ಟು ಬಿಚ್ಚಿದ ಕರುವಿನ ಹಾಗೆ ಹೊರಟ ಪೆಟ್ಟಿಗೆ, ಕಾರಿನ ಬಾಗಿಲು ಬಡಿದು ನೆಟ್ಟಗೆ ಮಾಡುತ್ತಾ ಕೂತಿದ್ದ ತಗಡುವಿನ ಬೆನ್ನಿಗೇ ಹೋಗಿ ಮುಟ್ಟಿತು.

ತಗಡು ಅಂದರೆ ನಮ್ಮ ಡೆಂಟ್ ತೆಗೆಯುವವನು. ಆಡುವುದು ಕಮ್ಮಿ, ಬಡಿಯುವುದು ಜಾಸ್ತಿ.

“ಇದಕ್ಕೆ ಬ್ರೇಕ್ ಇಲ್ವೇನೋ?”

“ಇದೆ ಅಣ್ಣಾ, ನಿನ್ನ ಬೆನ್ನು.”

ಅವನೂ ನಕ್ಕ. ತಗಡುವನ್ನು ನಗಿಸಿದರೆ ನನಗೆ ಅರ್ಧ ಸಂಬಳ ಬಂದಷ್ಟು ಖುಷಿ. ಸಂಜೆ ಎರಡು ಚಕ್ರಕ್ಕೆ ಬ್ರೇಕ್ ಕೂಡಿಸಿದೆವು.

ಮಾರ್ಚ್ 6, ಗುರುವಾರ

ಡ್ರಾಯರಿನ ಹಳಿಗಳಿಗೆ ಮೇಣದಬತ್ತಿ ಉಜ್ಜಿದೆ. ಗ್ರೀಸ್ ಹಾಕಿದರೆ ಧೂಳು ಅಂಟುತ್ತದೆ, ಮೇಣಕ್ಕೆ ಅಂಟುವುದಿಲ್ಲ. ಈಗ ಒಂದು ಬೆರಳಿಗೆ ಬರುತ್ತವೆ. ಹಳೇ ಸ್ಪೀಕರಿನ ಮ್ಯಾಗ್ನೆಟ್ ಕಿತ್ತು ಬದಿಗೆ ಅಂಟಿಸಿದೆ, ಬೋಲ್ಟುಗಳು ತಾವೇ ಹೋಗಿ ಕಚ್ಚಿಕೊಳ್ಳುತ್ತವೆ.

ಮಧ್ಯಾಹ್ನ ಹಾಲಿನ ವ್ಯಾನು ಬಂದಿತ್ತು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಸಡಿಲ. ಆ ವ್ಯಾನಿನಲ್ಲಿ ಆ ಬೋಲ್ಟು ಇರುವ ಜಾಗ ಮಾಡಿದವನನ್ನು ಒಂದು ಸಲ ಕಣ್ಣಾರೆ ನೋಡಬೇಕು. ಸ್ಪ್ಯಾನರ್ ಹೋಗುವುದೇ ಇಲ್ಲ. ಅದಕ್ಕೆ ಎಷ್ಟೋ ವರ್ಷದ ಹಿಂದೆ ಎರಡು ಸ್ಪ್ಯಾನರುಗಳನ್ನು ಗ್ರೈಂಡರಿಗೆ ಹಿಡಿದು ತೆಳ್ಳಗೆ ಸವೆಸಿದ್ದೆ. ಒಂದು ನನಗೆ, ಒಂದು ಭಾಮೈದನಿಗೆ. ನೋಡಿದರೆ ಉಪವಾಸ ಬಿದ್ದ ಹಾಗಿವೆ, ಅದಕ್ಕೆ ಒಣಕಲ ಅಂತ ಹೆಸರು. ಊರಿಗೆಲ್ಲ ಎರಡೇ ಒಣಕಲ. ವ್ಯಾನಿನ ಕೆಳಗಿನಿಂದ ಅವನು, ಮೇಲಿನಿಂದ ನಾನು, ಇಬ್ಬರೂ ಒಣಕಲ ಹಿಡಿದು ಬಿಗಿದೆವು. ಡ್ರೈವರ್ “ಹಾಲು ಒಡೆಯುತ್ತೆ, ಹಾಲು ಒಡೆಯುತ್ತೆ” ಅಂತ ತಲೆಯ ಮೇಲೇ ನಿಂತಿದ್ದ. ಅರ್ಜೆಂಟಿನಲ್ಲಿ ಮುಚ್ಚಿ ಕಳಿಸಿದೆವು.

ಮಾರ್ಚ್ 9, ಭಾನುವಾರ

ಇವತ್ತಿನ ಕೆಲಸ ಬರೆಯದೆ ಇದ್ದರೆ ನಿದ್ದೆ ಬರುವುದಿಲ್ಲ.

ಡ್ರಾಯರುಗಳನ್ನು ಮನೆಗೇ ತಂದಿದ್ದೆ. ಕೆಳಗೆ ಕೆಂಪು, ಮೇಲೆ ಕಪ್ಪು, ಎರಡು ಪದರ. ಕೆಂಪು ಅಂದರೆ ಜಿಮ್ಮಿನವರು ಬಿಸಾಡಿದ ಚಾಪೆ. ಕಪ್ಪು ಅಂದರೆ ಕಾರಿನ ಗಾಜಿಗೆ ಸುತ್ತಿ ಬರುವ ಫೋಮು. ಕಪ್ಪು ಫೋಮಿನ ಮೇಲೆ ಸಾಮಾನು ಜೋಡಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಿಸಿ ಮಾಡಿದ ಬ್ಲೇಡಿನಲ್ಲಿ ಕೊಯ್ದು, ಕೆಂಪು ಚಾಪೆಯ ಮೇಲೆ ಅಂಟಿಸುವುದು. ಸಾಮಾನು ಅದರ ಗೂಡಿನಲ್ಲಿದ್ದರೆ ಕಪ್ಪು. ಎತ್ತಿದರೆ ಅದೇ ಆಕಾರದಲ್ಲಿ ಕೆಂಪು ಕಾಣುತ್ತದೆ. ಏನು ಕಳೆದಿದೆ ಅಂತ ಕುರುಡನಿಗೂ ಗೊತ್ತಾಗುತ್ತದೆ. ಸರಿ, ಕುರುಡನಿಗೆ ಗೊತ್ತಾಗುವುದಿಲ್ಲ.

ಟ್ರಾಲಿಯಲ್ಲಿ ಇದ್ದದ್ದನ್ನೆಲ್ಲ ಜೋಡಿಸಿದೆ. ಸುತ್ತಿಗೆ, ಕಟಿಂಗ್ ಪ್ಲೇಯರು, ಸ್ಪ್ಯಾನರಿನ ಸೆಟ್ಟು, ಕೊನೆಗೆ ಒಣಕಲ. ಒಣಕಲನ ಗೂಡನ್ನಂತೂ ಎಷ್ಟು ಬಿಗಿಯಾಗಿ ಕೊಯ್ದಿದ್ದೇನೆ ಅಂದರೆ ಡ್ರಾಯರ್ ತಲೆಕೆಳಗು ಮಾಡಿದರೂ ಬೀಳಲ್ಲ.

ಎಲ್ಲ ಮುಗಿದ ಮೇಲೆ ಭಾಮೈದ ಬಂದ. ಬಗ್ಗಿ ನೋಡಿದ. “ಚೆನ್ನಾಗಿದೆ ಭಾವ, ಆದ್ರೆ ಎತ್ತೋದು ಹೇಗೆ? ಬೆರಳಿಗೆ ಜಾಗ ಬಿಡ್ಬೇಕಿತ್ತು.”

“ಎತ್ತೋಕಲ್ಲ ಕಣೋ, ನೋಡೋಕೆ.”

“ನೀವು ಹೊಸ ಸೋಫಾಗೆ ಪ್ಲಾಸ್ಟಿಕ್ ಕವರ್ ತೆಗೀದೆ ಕೂತೋರಲ್ವಾ, ಮರ್ತಿದ್ದೆ.”

ಅಕ್ಕ ತಮ್ಮ ಇಬ್ಬರೂ ಸೇರಿ ನಕ್ಕರು. ನಾನೂ ನಕ್ಕೆ. ರಾತ್ರಿ ಊಟ ಇಲ್ಲೇ ಮಾಡಿ ಹೋದ.

ಮಾರ್ಚ್ 12, ಬುಧವಾರ

ಹಾಲಿನ ವ್ಯಾನನ್ನು ಎಳೆದುಕೊಂಡು ಬಂದರು. ಹೆದ್ದಾರಿಯಲ್ಲಿ ಬೆಲ್ಟು ಹರಿದು, ಇಂಜಿನ್ ಕಾದು, ಕಚ್ಚಿಕೊಂಡು ನಿಂತಿದೆ. ಬಿಚ್ಚಿ ನೋಡಿದರೆ ಬೆಲ್ಟಿನ ಸಂದಿಯಲ್ಲಿ ಒಂದು ಸ್ಪ್ಯಾನರ್. ಬಾಯಿ ಮುರಿದು, ಕತ್ತು ಮಡಚಿ, ಮೈಯೆಲ್ಲ ಉಜ್ಜಿ ಹೋಗಿದೆ. ಆದರೂ ತೆಳುವು ನೋಡಿದರೆ ಗೊತ್ತಾಗುತ್ತದೆ. ಒಣಕಲ.

ಮಾಲೀಕರು ಅದನ್ನು ತಂತಿಯಲ್ಲಿ ಕಟ್ಟಿ ಕ್ಯಾಬಿನ್ನಿನ ಬಾಗಿಲಿಗೆ ನೇತು ಹಾಕಿದರು. ನಮ್ಮಿಬ್ಬರನ್ನೂ ಕರೆದರು.

“ಯಾರದ್ದು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

“ನೋಡಿ, ನನಗೆ ಪತ್ತೇದಾರಿ ಬರಲ್ಲ. ಶನಿವಾರ ಸಂಜೆ ಎಲ್ರ ಪೆಟ್ಟಿಗೆ ನೋಡ್ತೀನಿ. ಇನ್ಮೇಲೆ ಪ್ರತಿ ಶನಿವಾರ ನೋಡ್ತೀನಿ. ಈ ಶನಿವಾರ ಯಾರ ಪೆಟ್ಟಿಗೇಲಿ ಒಣಕಲ ಇಲ್ವೋ ಅವನು ಗೇಟಿಂದ ಆಚೆ. ಅವ್ನು ಎಷ್ಟ್ ಹಳಬನಾಗಿದ್ರೂ ಅಷ್ಟೇ.”

ಎಷ್ಟು ಹಳಬ ಅಂದದ್ದು ನನಗೇ. ಓಡಿ ಬಂದು ಡ್ರಾಯರ್ ಎಳೆದೆ. ಒಣಕಲ ಗೂಡಿನಲ್ಲಿ ಆರಾಮವಾಗಿ ಮಲಗಿದ್ದ. ಮುತ್ತು ಕೊಡೋಣ ಅನ್ನಿಸಿತು. ಆಯಿಲ್ ವಾಸನೆ, ಬಿಟ್ಟೆ.

ಮಾರ್ಚ್ 15, ಶನಿವಾರ

ಪೆಟ್ಟಿಗೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಮೊದಲು ನನ್ನದು. ಡ್ರಾಯರುಗಳನ್ನು ಒಂದೊಂದಾಗಿ ಎಳೆದು ತೋರಿಸಿದೆ.

“ಅಬ್ಬಾ! ಇದೇನೋ, ಒಡವೆ ಅಂಗಡಿ ಇದ್ದ ಹಾಗಿದೆ” ಅಂದರು ಮಾಲೀಕರು. ಒಂದು ಕಡೆಯೂ ಕೆಂಪು ಇಲ್ಲ. ಒಣಕಲನ ಮೇಲೆ ಬೆರಳಿಟ್ಟು, “ಇದೇ ತಾನೇ?”

“ಅವನೇ ಸಾರ್. ಈಗ ತಾನೇ ನಿದ್ದೆ ಹೋಗಿದಾನೆ, ಎಬ್ಬಿಸ್ಬೇಡಿ.”

ಎಲ್ಲರೂ ನಕ್ಕರು. ಮಾಲೀಕರು ನನ್ನ ಭುಜ ತಟ್ಟಿದರು. ಇಷ್ಟು ವರ್ಷದಲ್ಲಿ ಮೊದಲನೇ ಸಲ.

ಆಮೇಲೆ ಭಾಮೈದನದು. ಅವನ ಪೆಟ್ಟಿಗೆ ಅಂದರೆ ಸಂತೆ, ಅದರಲ್ಲೇ ಎಲ್ಲೋ ಇದೆ ಅಂತ ಮೂರು ದಿನ ಧೈರ್ಯವಾಗಿದ್ದ. ಎಲ್ಲವನ್ನೂ ನೆಲಕ್ಕೆ ಸುರಿದ. ಕೂತು ಹುಡುಕಿದ, ಬಗ್ಗಿ ಹುಡುಕಿದ, ಖಾಲಿ ಪೆಟ್ಟಿಗೆಯೊಳಗೆ ತಲೆ ಹಾಕಿ ಹುಡುಕಿದ. ಇಲ್ಲ. ಎದ್ದು ನಿಂತಾಗ ಅವನ ಮುಖ ಹಿಂಡಿದ ಬಟ್ಟೆಯ ಹಾಗಿತ್ತು.

“ಭಾವ, ವ್ಯಾನ್ ಕೆಲ್ಸ ಆದ್ಮೇಲೆ ನನ್ನದನ್ನ ನಾನು ನಿಮ್ಮ ಟ್ರಾಲಿ ಮೇಲೆ ಇಟ್ಟೆ. ಈಗ ಚೆನ್ನಾಗಿ ನೆನಪಾಯ್ತು. ನಿಮ್ಮದು ಇನ್ನೂ ಇಂಜಿನ್ ಮೇಲೇ ಇತ್ತು. ಒಂದ್ಸಲ ಅದನ್ನ ಎತ್ತಿ ತಿರುಗಿಸಿ ನೋಡಿ. ನಾನು ನನ್ನದರ ಕತ್ತಿನ ಹಿಂದೆ ಅರದಲ್ಲಿ ಎರಡು ಗೀರು ಹಾಕಿದೀನಿ.”

ಗ್ಯಾರೇಜೆಲ್ಲ ನನ್ನ ಕಡೆ ತಿರುಗಿತು. ಅಷ್ಟು ಬಿಗಿಯಾಗಿ ಕೂತದ್ದನ್ನು ಎತ್ತಬೇಕಾದರೆ ಫೋಮು ಹರಿಯುತ್ತದೆ. ಅದೂ ಅಲ್ಲದೆ, ಏನು ಮಾತು ಇದು? ಎಲ್ಲರ ಎದುರಿಗೆ, ಮಾಲೀಕರ ಎದುರಿಗೆ, ನಾನು ಅವನದನ್ನು ಇಟ್ಟುಕೊಂಡಿದ್ದೇನೆ ಅಂತ.

“ಏನಪ್ಪಾ, ಅಕ್ಕನ ಗಂಡ ಆದೆ, ಕೆಲ್ಸ ಕಲಿಸಿದ ಮೇಷ್ಟ್ರಾದೆ, ಈಗ ಕಳ್ಳನೂ ಆಗ್ಬೇಕಾ? ಬಾ, ಕಿಸೇನೂ ನೋಡ್ಕೋ” ಅಂತ ಪ್ಯಾಂಟಿನ ಎರಡೂ ಕಿಸೆಗಳನ್ನು ಹೊರಗೆಳೆದು ಆನೆಯ ಕಿವಿಯ ಹಾಗೆ ಅಲ್ಲಾಡಿಸಿ ತೋರಿಸಿದೆ.

ಅಯ್ಯೋ, ಆ ನಗು! ಕಾರು ತೊಳೆಯುವವನು ಬಕೆಟ್ಟಿನ ಮೇಲೆ ಕೂತುಬಿಟ್ಟ. ಮಾಲೀಕರು ಕಣ್ಣು ಒರೆಸಿಕೊಂಡರು. ಒರೆಸಿಕೊಂಡೇ ಭಾಮೈದನಿಗೆ, “ನೀನು ಸೋಮವಾರದಿಂದ ಬರಬೇಡ” ಅಂದರು.

ಪೆಟ್ಟಿಗೆ ಗ್ಯಾರೇಜಿನದು. ಸಾಮಾನುಗಳನ್ನು ಮಾತ್ರ ಒಂದು ಗೋಣಿಚೀಲಕ್ಕೆ ತುಂಬಿಕೊಂಡು ಹೋದ. ನನ್ನ ಕಡೆ ನೋಡಲಿಲ್ಲ. ನಾನೇನು ಅವನನ್ನು ಕಳಿಸಿ ಅಂದೆನಾ? ಬರೀ ಒಂದು ತಮಾಷೆ.

ಮಾರ್ಚ್ 16, ಭಾನುವಾರ

ನಮ್ಮವಳಿಗೆ ನಾನು ಹೇಳುವುದಕ್ಕೆ ಮುಂಚೆ ಅವನ ಹೆಂಡತಿ ಹೇಳಿದ್ದಾಳೆ.

“ಎಲ್ರೂ ನಕ್ಕರಂತೆ” ಅಂದಳು.

“ಆನೆ ಕಿವಿ ಮಾಡಿದೆ ಕಣೇ. ಹೀಗೆ...”

“ಬೇಡ. ತೋರಿಸ್ಬೇಡಿ.”

ಆಮೇಲೆ ನಿಧಾನವಾಗಿ ಹೇಳಿದಳು. ಅವನು ಆಗಲೇ ಮೂರು ಗ್ಯಾರೇಜು ಕೇಳಿಕೊಂಡು ಬಂದಿದ್ದಾನಂತೆ. ಇಂಜಿನ್ನಿನೊಳಗೆ ಸ್ಪ್ಯಾನರ್ ಬಿಟ್ಟವನು ಅಂತ ಸುದ್ದಿ ಅವನಿಗಿಂತ ಮುಂಚೆ ಅಲ್ಲಿ ಹೋಗಿ ಕೂತಿದೆ. ಯಾರೂ ಸೇರಿಸುವುದಿಲ್ಲ. ಮನೆ ಬಾಡಿಗೆಯದು, ಸಣ್ಣ ಮಕ್ಕಳು. “ಅವನ ಜಾಗಕ್ಕೆ ಒಂದನೇ ತಾರೀಕಿಗೆ ಬೇರೆಯವರು ಬರ್ತಾರಂತೆ. ಅಷ್ಟರೊಳಗೆ ನೀವು ಮಾಲೀಕರ ಹತ್ರ ಒಂದ್ಮಾತು ಆಡ್ರೀ. ನಿಮ್ಮ ಮಾತು ಕೇಳ್ತಾರೆ.”

ಆಡುತ್ತೇನೆ ಅಂದೆ.

ಮಾರ್ಚ್ 18, ಮಂಗಳವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಣಕಲನನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೀಟಿ ಎತ್ತಿದೆ. ಅಂಚಿನಲ್ಲಿ ಫೋಮು ಒಂಚೂರು ಕಿತ್ತುಬಂತು.

ಕತ್ತಿನ ಹಿಂದೆ ಎರಡು ಗೀರು ಇದ್ದ ಹಾಗಿದೆ.

ಹಳೇ ಸಾಮಾನು ಅಂದಮೇಲೆ ಗೀರು ಇರುವುದೇ. ನನ್ನ ಕೈಯಲ್ಲಿ ಎಷ್ಟಿಲ್ಲ? ಆದರೆ ಇವು ಪಕ್ಕಪಕ್ಕ, ಒಂದೇ ಉದ್ದ. ಹೆಬ್ಬೆರಳು ಇಟ್ಟರೆ ಸರಿಯಾಗಿ ಸಿಗುತ್ತವೆ.

ಫೋಮು ಕೊಯ್ಯುವ ದಿನ ಟ್ರಾಲಿಯಲ್ಲಿ ಯಾವ ಒಣಕಲ ಇತ್ತೋ ಅದಕ್ಕೆ ಗೂಡು ಮಾಡಿದೆ. ಇಲ್ಲದ್ದಕ್ಕೆ ಯಾರಾದರೂ ಗೂಡು ಮಾಡುತ್ತಾರಾ? ಕೆಂಪು ಕಾಣಬೇಕು ಅಂದರೆ ಮೊದಲು ಸಾಮಾನು ಅಲ್ಲಿ ಇರಬೇಕು.

ಗೀರು ಕೆಳಗೆ ಬರುವ ಹಾಗೆ ವಾಪಸ್ಸು ಒತ್ತಿ ಇಟ್ಟೆ. ಅದು ಮೊದಲೂ ಹಾಗೇ ಇದ್ದದ್ದು.

ಮಾರ್ಚ್ 20, ಗುರುವಾರ

ಟ್ರಾಲಿಗೆ ಬೀಗದ ಪಟ್ಟಿ ಮಾಡಿದೆ. ಒಳ್ಳೇ ಉಪಾಯ, ಯಾರು ಬೇಕಾದರೂ ಮಾಡಿಕೊಳ್ಳಬಹುದು. ಎರಡು ಬೆರಳಗಲದ ಕಬ್ಬಿಣದ ಪಟ್ಟಿ, ಕೆಳಗೆ ಒಂದು ಕೀಲು, ಮೇಲೆ ಒಂದು ಕೊಂಡಿ. ನಿಲ್ಲಿಸಿ ಬೀಗ ಹಾಕಿದರೆ ಎಲ್ಲಾ ಡ್ರಾಯರುಗಳೂ ಒಂದೇ ಏಟಿಗೆ ಬಂದ್. ಬೀಗದ ಕೈ ಸೊಂಟಕ್ಕೆ.

ಹನ್ನೊಂದು ಗಂಟೆಗೆ ತಗಡು ಕಟಿಂಗ್ ಪ್ಲೇಯರ್ ಕೇಳಿಕೊಂಡು ಬಂದ. ದಿನಾ ಬರುತ್ತಾನೆ, ತಾನೇ ಎಳೆದುಕೊಂಡು ಹೋಗುತ್ತಾನೆ. ಇವತ್ತು ಪಟ್ಟಿ ನೋಡಿ ನಿಂತ.

“ಬ್ಯಾಂಕ್ ಎಷ್ಟೊತ್ತಿಗೆ ತೆಗೀತೀರಿ?”

“ನಿನ್ನಂಥ ಗಿರಾಕಿಗಳಿಗೆ ರಜಾ ಅಣ್ಣಾ. ನೀನು ತಗೊಂಡ ಸಾಮಾನು ವಾಪಸ್ ಬರೋದು ನಿನ್ನ ಮಗನ ಮದುವೆಗೇ.”

ಅವನು ಮುಖ ನೋಡಿದ. ಹೋಗಿ ತನ್ನ ಹಳೇ ಪ್ಲೇಯರಿಗೆ ತಂತಿ ಸುತ್ತಿಕೊಂಡು ಕೆಲಸ ಮಾಡಿದ. ಅವನಿಗೆ ಮಕ್ಕಳಿಲ್ಲ, ನನಗೆ ಗೊತ್ತು. ಆ ಕ್ಷಣಕ್ಕೆ ನೆನಪಿಗೆ ಬರಲಿಲ್ಲ. ಇತ್ತೀಚೆಗೆ ಈ ಗ್ಯಾರೇಜಿನಲ್ಲಿ ಯಾರಿಗೂ ತಮಾಷೆ ಅರ್ಥವಾಗುವುದಿಲ್ಲ.

ಮಾರ್ಚ್ 24, ಸೋಮವಾರ

ಇವತ್ತು ಹೇಳಿಯೇ ಬಿಡುವುದು ಅಂತ ಹೋದೆ. ಒಣಕಲನನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಕ್ಯಾಬಿನ್ನಿನ ಬಾಗಿಲು ನೂಕಿದರೆ ತಂತಿಗೆ ಕಟ್ಟಿದ ಆ ಮುರುಕಲು ಗಾಜಿಗೆ ಟಣ್ ಅಂತ ಬಡಿಯಿತು.

“ಬಾ ಬಾ, ನಿನಗೆ ಆಯುಸ್ಸು ಜಾಸ್ತಿ. ಈಗಷ್ಟೇ ನಿನ್ನ ಮಾತಾಡ್ತಿದ್ದೆ” ಅಂದರು ಮಾಲೀಕರು. ಅವರ ತಮ್ಮ ಕೂತಿದ್ದರು. “ಇವನೇ ನೋಡೋ. ಪೆಟ್ಟಿಗೆ ಹೇಗಿಟ್ಕೋಬೇಕು ಅಂತ ಇವನ ಹತ್ರ ಕಲೀಬೇಕು. ಎಲ್ಲಾ ಟ್ರಾಲಿಗೂ ಹೀಗೇ ಗೂಡು ಮಾಡಿಸ್ತೀನಿ. ಒಂದನೇ ತಾರೀಕಿಂದ ಇವನೇ ಹೆಡ್ ಮೆಕ್ಯಾನಿಕ್. ಏನಂತೀಯ?”

ನಾನು ಕೈ ಮುಗಿದೆ.

“ಏನೋ ಹೇಳೋಕೆ ಬಂದ್ಯಲ್ಲ, ಹೇಳು.”

ಜೇಬು ಭಾರವಾಗಿತ್ತು. ಬಾಯಿ ತೆಗೆದೆ. ನನ್ನ ಬಾಯಿಗೆ ಒಂದು ಅಭ್ಯಾಸ ಇದೆ, ತೆಗೆದರೆ ತಮಾಷೆಯೇ ಬರುತ್ತದೆ.

“ಏನಿಲ್ಲ ಸಾರ್, ನಿಮ್ಮ ಕುರ್ಚಿ ಕೂತಾಗೆಲ್ಲ ಬಯ್ಯುತ್ತೆ. ಚಕ್ರ ಬದಲಾಯಿಸಿ ಕೊಡ್ಲಾ ಅಂತ.”

ಅಣ್ಣ ತಮ್ಮ ಇಬ್ಬರೂ ನಕ್ಕರು. ಕುರ್ಚಿಯನ್ನು ತಲೆಕೆಳಗು ಮಾಡಿ, ಮೊಣಕಾಲೂರಿ, ಅರ್ಧ ದಿನ ಚಕ್ರ ಬದಲಾಯಿಸಿದೆ. ಬಗ್ಗಿದಾಗೆಲ್ಲ ಒಣಕಲ ಎದೆಗೆ ಚುಚ್ಚುತ್ತಿತ್ತು. ಈಗ ಕುರ್ಚಿ ಬೆಣ್ಣೆಯ ಹಾಗೆ ಉರುಳುತ್ತದೆ.

ಮನೆಯಲ್ಲಿ ನಮ್ಮವಳು ಬಾಗಿಲಲ್ಲೇ ಕೇಳಿದಳು, “ಮಾತಾಡಿದ್ರಾ?”

“ಮಾತಾಡ್ದೆ.”

“ಏನಂದ್ರು?”

“ನೋಡೋಣ ಅಂದ್ರು.”

ಮಾರ್ಚ್ 29, ಶನಿವಾರ

ತಪಾಸಣೆ. ನನ್ನ ಪೆಟ್ಟಿಗೆ ಫಸ್ಟ್ ಕ್ಲಾಸ್. ಹೆಡ್ ಮೆಕ್ಯಾನಿಕ್ ವಿಷಯ ಮಾಲೀಕರು ಎಲ್ಲರಿಗೂ ಹೇಳಿದರು. ಯಾರೋ ಚಪ್ಪಾಳೆ ಶುರು ಮಾಡಿದರು. ಜೊತೆಗೆ ಯಾರೂ ಸೇರಲಿಲ್ಲ ಅಂತ ಅವನೂ ನಿಲ್ಲಿಸಿದ.

ಏಪ್ರಿಲ್ 1, ಮಂಗಳವಾರ

ಪಕ್ಕದ ಜಾಗಕ್ಕೆ ಹೊಸಬ ಬಂದ. ಕೆಲಸ ಗೊತ್ತಿದೆ. ಒಂದು ರೆಂಚು ಕೇಳಿದ, ಇಲ್ಲ ಅಂದೆ. ಮಾತು ಬೆಳೆಸಲಿಲ್ಲ, ಒಳ್ಳೆಯದೇ.

ನಮ್ಮವಳಿಗೆ ಹೇಳಿದೆ. ಅವಳು ತಟ್ಟೆಗೆ ಬಡಿಸಿ ಒಳಗೆ ಹೋದಳು. ಮೇಜು ಕುಂಟುತ್ತಿತ್ತು.

ಏಪ್ರಿಲ್ 3, ಗುರುವಾರ

ಭಾಮೈದ ಈಗ ಪೆಟ್ರೋಲ್ ಬಂಕಿನ ಆಚೆ ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂರುತ್ತಾನಂತೆ. ಪಂಕ್ಚರು, ಚೈನು, ಸಿಕ್ಕಿದ್ದು. ಬೆಳಿಗ್ಗೆ ನಮ್ಮವಳು ಬಂದು ನಿಂತಳು.

“ಅವನಿಗೆ ಒಂದು ಕಾರಿನ ಕೆಲ್ಸ ಸಿಕ್ಕಿದೆಯಂತೆ. ಆಲ್ಟರ್ನೇಟರ್ ಅಂತೇನೋ. ನಿಮ್ಮ ಒಣಕಲ ಬೇಕಂತೆ, ಒಂದು ದಿನದ ಮಟ್ಟಿಗೆ.”

“ಅವನೇ ಕೇಳಿದ್ನಾ?”

“ಅವನು ಕೇಳ್ಲಿಲ್ಲ. ಅವನ ಹೆಂಡ್ತಿ ಕೇಳಿದ್ಲು. ಒಂದು ಸ್ಪ್ಯಾನರ್ ಕೊಡೋಕೂ ಯೋಚನೆ ಮಾಡ್ತೀರೇನ್ರೀ?”

ಸಂಜೆ ತರುತ್ತೇನೆ ಅಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಗ್ರೈಂಡರ್ ಹತ್ತಿರ ನಿಂತೆ. ಸಾಮಾನು ಕೊಡುವಾಗ ಸ್ವಲ್ಪ ನೀಟಾಗಿ ಇರಲಿ ಅಂತ ಕತ್ತಿನ ಹಿಂಭಾಗ ಒಂಚೂರು ಹಿಡಿದೆ. ಕಿಡಿ ಹಾರಿತು. ಮೊದಲೇ ತೆಳು, ಜಾಸ್ತಿ ಹಿಡಿಯಲಿಲ್ಲ. ಈಗ ಹೆಬ್ಬೆರಳಿಗೆ ಏನೂ ಸಿಗುವುದಿಲ್ಲ. ತಿರುಗಿ ನೋಡಿದರೆ ತಗಡು ಊಟದ ಡಬ್ಬಿ ಹಿಡಿದುಕೊಂಡು ನಿಂತಿದ್ದ. ಎಷ್ಟು ಹೊತ್ತಿಂದ ನಿಂತಿದ್ದನೋ.

“ಏನಣ್ಣಾ, ಊಟ ಆಯ್ತಾ?” ಅಂದೆ.

“ಆಯ್ತು” ಅಂದ. ಡಬ್ಬಿ ತೆಗೆದೇ ಇರಲಿಲ್ಲ.

ಏಪ್ರಿಲ್ 4, ಶುಕ್ರವಾರ

ನಮ್ಮವಳು ಒಣಕಲನನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿದ್ದಳು. ಸಂಜೆ ಬರಿಗೈಯಲ್ಲಿ ಬಂದಳು. ಚಪ್ಪಲಿ ಬಿಡದೆ ಹಾಗೇ ಕೂತಳು.

“ಕೊಟ್ಯಾ?”

“ಕೊಟ್ಟೆ. ತಿರುಗಿಸಿ ನೋಡಿದ. ಹೆಬ್ಬೆರಳಿಂದ ಸವರಿ ನೋಡಿದ. ಆಮೇಲೆ ಬಿಸಿಲಿಗೆ ಹಿಡಿದ.”

“ಏನಂದ?”

“‘ಅಕ್ಕಾ, ಮೈಯೆಲ್ಲಾ ಎಣ್ಣೆ ಕುಡ್ದು ಕಪ್ಪಾಗಿದೆ, ಇಷ್ಟು ಜಾಗ ಮಾತ್ರ ಹೊಸ ಬೆಳ್ಳಿ ಥರ ಹೊಳೀತಿದೆ ನೋಡು’ ಅಂದ. ನಕ್ಕ. ‘ಇದನ್ನ ವಾಪಸ್ ಕೊಡಲ್ಲ ಅಂತ ಭಾವಂಗೆ ಹೇಳು, ಬೇಕಾದ್ರೆ ಬಂದು ಕೇಳ್ಲಿ’ ಅಂದ.”

ನಾನು ಎದ್ದು ನೀರು ಕುಡಿದೆ.

“ಅಲ್ಲಿ ಏನಿತ್ತು ರೀ?”

“ತುಕ್ಕು.”

“ಎಣ್ಣೆ ಕುಡಿದಿರೋದಕ್ಕೆ ತುಕ್ಕು ಹಿಡಿಯುತ್ತಾ?”

ಮೆಕ್ಯಾನಿಕ್ಕಿನ ಅಕ್ಕ, ಮೆಕ್ಯಾನಿಕ್ಕಿನ ಹೆಂಡತಿ. ಇದಕ್ಕೆ ನಾನು ಏನು ಹೇಳಲಿ? “ನಿನ್ನ ತಮ್ಮ ಎಣ್ಣೆ ಕುಡಿದ್ರೆ ಕವಿ ಆಗ್ತಾನೆ ಕಣೇ, ಬೆಳ್ಳಿ ಗಿಳ್ಳಿ ಅಂತಾನೆ” ಅಂದೆ. ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಮಾತಿಗೆ ಮಾತು ಕೊಡಲಿಲ್ಲ. ಎದ್ದು ಎರಡು ಸೀರೆ ಚೀಲಕ್ಕೆ ಹಾಕಿಕೊಂಡಳು. ತಮ್ಮನ ಮಕ್ಕಳಿಗೆ ಹುಷಾರಿಲ್ಲ ಅಂದಳು. ಯಾವ ಮಗುವಿಗೆ, ಏನು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಂತೂ ಮಾತಿನಲ್ಲಿ ಗೆದ್ದೆ.

ಏಪ್ರಿಲ್ 5, ಶನಿವಾರ

ತಪಾಸಣೆ. ಮೊದಲನೇ ಡ್ರಾಯರ್ ಸರಿ. ಎರಡನೆಯದು ಎಳೆದೆ. ಕಪ್ಪಿನ ಮಧ್ಯೆ ಒಣಕಲನ ಆಕಾರ, ಕೆಂಪಗೆ. ದೂರದಿಂದಲೇ ಕಾಣುತ್ತಿತ್ತು. ಚಾಪೆ ಇಷ್ಟು ಕೆಂಪು ಅಂತ ನಾನು ಗಮನಿಸಿರಲಿಲ್ಲ.

“ಇದೆಲ್ಲಿ?” ಅಂದರು ಮಾಲೀಕರು.

ಎಲ್ಲರೂ ನಿಂತಿದ್ದರು. ಹೆಡ್ ಮೆಕ್ಯಾನಿಕ್ಕಿನ ಪೆಟ್ಟಿಗೆಯಲ್ಲಿ ಒಂದು ಸಾಮಾನು ಇಲ್ಲ. ಸುಳ್ಳು ಹೇಳುವುದು ಬೇಡ ಅನ್ನಿಸಿತು. ನಿಜವನ್ನೇ ಹೇಳಿದೆ.

“ಭಾಮೈದನ ಹತ್ರ ಇದೆ ಸಾರ್. ವಾಪಸ್ ಕೊಡಲ್ಲ ಅಂತಾನೆ.”

ಮಾಲೀಕರು ಗಹಗಹಿಸಿ ನಕ್ಕರು. “ನೋಡಿದ್ರಾ? ತನ್ನದು ಕಳ್ಕೊಂಡು ಬೇರೆಯವ್ರದ್ದು ಇಟ್ಕೊಳ್ಳೋದೇ ಅವನ ಕಸುಬು. ಒಳ್ಳೇದಾಯ್ತು, ಬೇಗ ಕಳಿಸ್ದೆ. ಪಾಪ, ನೀನೂ ಎಷ್ಟು ಅಂತ ಸಹಿಸ್ತೀಯ? ಬಿಡು, ಇನ್ನೊಂದು ಮಾಡ್ಕೋ.”

ನಾನೂ ನಕ್ಕೆ. ನಗಬೇಕಾಯಿತು. ಮಾಲೀಕರ ನಗು, ನನ್ನ ನಗು, ಎರಡೇ ಕೇಳುತ್ತಿದ್ದವು. ತಗಡು ತನ್ನ ಸುತ್ತಿಗೆಯ ಹಿಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತಾ ನಿಂತಿದ್ದ. ಒರೆಸುತ್ತಲೇ ಇದ್ದ.

ಏಪ್ರಿಲ್ 6, ಭಾನುವಾರ

ಮನೆಯಲ್ಲಿ ಯಾರೂ ಇಲ್ಲದೆ ಕೆಲಸ ಚೆನ್ನಾಗಿ ಸಾಗಿತು. ಇನ್ನೊಂದು ಒಣಕಲ ಮಾಡೋಣ ಅಂತ ಒಂದು ಸ್ಪ್ಯಾನರ್ ತಂದಿದ್ದೆ. ಯಾಕೋ ಮನಸ್ಸಾಗಲಿಲ್ಲ. ಅದರ ಬದಲು ಎರಡನೇ ಡ್ರಾಯರಿನ ಫೋಮನ್ನೇ ಪೂರ್ತಿ ಕಿತ್ತು ಹೊಸದಾಗಿ ಹಾಕಿದೆ. ಪ್ಲೇಯರನ್ನು ಒಂದು ಬೆರಳಷ್ಟು ಎಡಕ್ಕೆ, ಸುತ್ತಿಗೆಯನ್ನು ಒಂಚೂರು ಅಡ್ಡಕ್ಕೆ, ಸ್ಪ್ಯಾನರುಗಳನ್ನು ಸ್ವಲ್ಪ ಅಗಲವಾಗಿ. ಒಣಕಲನ ಜಾಗ ಎಲ್ಲರಿಗೂ ಹಂಚಿಹೋಯಿತು. ಈ ಸಲ ಬ್ಲೇಡು ಚೆನ್ನಾಗಿ ಬಿಸಿ ಮಾಡಿದ್ದೆ. ಅಂಚುಗಳು ಮೊದಲಿಗಿಂತ ನೀಟಾಗಿ ಬಂದಿವೆ.

ಭಾಮೈದನ ಮನೆಗೆ ಫೋನ್ ಮಾಡೋಣ ಅಂದುಕೊಂಡೆ. ಅಂಟು ಕೈಗೆಲ್ಲ ಆಗಿತ್ತು. ಆಮೇಲೆ ಮರೆತೆ.

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ ಬೇಗ ಹೋಗಿ ಡ್ರಾಯರ್ ಕೂಡಿಸಿದೆ. ತಗಡು ಒಬ್ಬನೇ ಬಂದಿದ್ದ, ಶಟರ್ ಎತ್ತುತ್ತಿದ್ದ. ಒಬ್ಬರಿಗಾದರೂ ತೋರಿಸದಿದ್ದರೆ ಮಾಡಿ ಏನು ಪ್ರಯೋಜನ? ಕರೆದೆ.

“ಬಾ ಅಣ್ಣಾ, ಹೊಸ ಮಾಡೆಲ್ ನೋಡು. ಹೇಗಿದೆ ಹೇಳು.”

ಬಂದ. ಕನ್ನಡಕ ಹಾಕಿಕೊಂಡ. ಬಗ್ಗಿ ಬಹಳ ಹೊತ್ತು ನೋಡಿದ. ಒಣಕಲ ಇದ್ದ ಕಡೆ ಬೆರಳಿನಿಂದ ಒಮ್ಮೆ ಒತ್ತಿದ.

“ಚೆನ್ನಾಗಿದೆ” ಅಂದ. “ಇಲ್ಲಿ ಏನೂ ಇರಲೇ ಇಲ್ಲ ಅನ್ನೋ ಹಾಗಿದೆ.”

ಥ್ಯಾಂಕ್ಸ್ ಅಣ್ಣಾ ಅಂದೆ.